ಟಿಕೆಟ್ ಅಗ್ಗ, ಪ್ರಯಾಣ ದುಬಾರಿ: ಹಾಸನದಿಂದ ಹಾಕಬೇಕಾದ ವಿಮಾನದ ಲೆಕ್ಕ

ನಮ್ಮ ಬೀದಿಯ ಲೆಕ್ಕದ ಮೇಷ್ಟ್ರು ರಿಟೈರ್ ಆಗಿ ನಾಲ್ಕು ವರ್ಷವಾಯಿತು. ಮಗಳು ದೆಹಲಿಯಲ್ಲಿದ್ದಾಳೆ. ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಡಬೇಕು. ಹೋದ ವಾರ ಬೆಳಿಗ್ಗೆ ಹಾಲು ತರಲು ಹೊರಟವರು ನಮ್ಮ ಗೇಟಿನ ಹತ್ತಿರ ನಿಂತು ಮೊಬೈಲ್ ಮುಂದೆ ಹಿಡಿದರು.

“ನೋಡಪ್ಪಾ, ಬೆಂಗಳೂರಿಂದ ದೆಹಲಿಗೆ ನಾಲ್ಕು ಸಾವಿರದ ಮುನ್ನೂರು. ಉಳಿದವೆಲ್ಲ ಐದೂವರೆ, ಆರು ಅಂತಿವೆ. ಇದನ್ನೇ ಮಾಡಿಸಿಬಿಡಲಾ?”

ವಿಮಾನ ಹೊರಡುವ ಸಮಯ ನೋಡಿದೆ. ಬೆಳಿಗ್ಗೆ 5:50.

“ಮೇಷ್ಟ್ರೇ, ಇದನ್ನ ಹಿಡಿಯೋಕೆ ನೀವು ಮನೆ ಬಿಡೋದು ಎಷ್ಟೊತ್ತಿಗೆ?”

ಅವರು ಒಂದು ಕ್ಷಣ ಸುಮ್ಮನಾದರು. ಮೂವತ್ತು ವರ್ಷ ಮಕ್ಕಳಿಗೆ ಕಾಲ ಮತ್ತು ವೇಗದ ಲೆಕ್ಕ ಹೇಳಿಕೊಟ್ಟವರು. “ಹನ್ನೊಂದೂವರೆ, ಹನ್ನೆರಡಕ್ಕೆ ಬಿಡಬೇಕೇನೋ ಅಲ್ವಾ?” ಅಂದರು. ಹೌದು, ರಾತ್ರಿ ಹನ್ನೆರಡು. ಆ ಹೊತ್ತಿನಲ್ಲಿ ಬಸ್ಸಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದು, ಮತ್ತೆ ಏರ್‌ಪೋರ್ಟ್ ಬಸ್ ಹಿಡಿಯುವ ಧೈರ್ಯ ಈ ವಯಸ್ಸಿನಲ್ಲಿ ಯಾರೂ ಮಾಡುವುದಿಲ್ಲ. ಟ್ಯಾಕ್ಸಿಯೇ ಗತಿ.

ಗೇಟಿನ ಹತ್ತಿರವೇ ನಿಂತು ಲೆಕ್ಕ ಹಾಕಿದೆವು. ಹಾಸನದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಸುಮಾರು 200 ಕಿಲೋಮೀಟರ್. ಬರೀ ಬಿಟ್ಟು ಬರುವುದಾದರೂ ಟ್ಯಾಕ್ಸಿಯವರು ವಾಪಸ್ ಬರುವ ದಾರಿಯನ್ನೂ ಸೇರಿಸುತ್ತಾರೆ. ಕಿಲೋಮೀಟರಿಗೆ 12 ರೂಪಾಯಿ ಹಿಡಿದರೂ 4,800. ಶಾಂತಿಗ್ರಾಮದಿಂದ ಶುರುವಾಗುವ ಟೋಲು, ಡ್ರೈವರ್ ಬಾಟಾ ಸೇರಿದರೆ ಐದೂವರೆ ಸಾವಿರ. ಇಬ್ಬರ ಟಿಕೆಟ್ 8,600. ಒಟ್ಟು 14,100.

ಈಗ ಅದೇ ದಿನದ ಮಧ್ಯಾಹ್ನ 2:40ರ ವಿಮಾನ. ಟಿಕೆಟ್ 5,600, ಇಬ್ಬರಿಗೆ 11,200. ಬೆಳಿಗ್ಗೆ ಆರು ಗಂಟೆಯ ಕೆಎಸ್ಆರ್‌ಟಿಸಿ ಬಸ್ ಹತ್ತಿದರೆ ಹತ್ತು, ಹತ್ತೂವರೆಗೆ ಮೆಜೆಸ್ಟಿಕ್. ಮೇಷ್ಟ್ರ ಟಿಕೆಟ್ ಮುನ್ನೂರು ರೂಪಾಯಿ ಅಂತಿಟ್ಟುಕೊಳ್ಳಿ. ಟೀಚರಮ್ಮನಿಗೆ ಶಕ್ತಿ ಯೋಜನೆ, ದುಡ್ಡಿಲ್ಲ. ಅಲ್ಲಿಂದ ವಾಯುವಜ್ರ ಬಸ್ಸು, ಅದಕ್ಕೆ ಶಕ್ತಿ ನಡೆಯುವುದಿಲ್ಲ, ಇಬ್ಬರಿಗೂ ಸೇರಿ ಆರುನೂರು. ದಾರಿಯಲ್ಲಿ ತಿಂಡಿ ಕಾಫಿ ಇನ್ನೂರು. ಒಟ್ಟು 12,300. ‘ದುಬಾರಿ’ ಟಿಕೆಟ್ಟೇ 1,800 ರೂಪಾಯಿ ಅಗ್ಗ. ರಾತ್ರಿ ನಿದ್ದೆ ಬೇರೆ ಉಳಿಯಿತು.

ನಾನು ಟ್ರಾವೆಲ್ ಏಜೆಂಟ್ ಅಲ್ಲ. ನೆಂಟರಿಗೆ, ಅಕ್ಕಪಕ್ಕದವರಿಗೆ ಟಿಕೆಟ್ ಮಾಡಿಸಿಕೊಟ್ಟು ಕೊಟ್ಟು ಅಭ್ಯಾಸವಾದವನು. ‘ಯಾವ ಏರ್‌ಲೈನ್ ಅಗ್ಗ’ ಅಂತ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನವರಿಗೆ ಆ ಪ್ರಶ್ನೆ ಸರಿ. ಹಾಸನ, ಚಿಕ್ಕಮಗಳೂರಿನವರಿಗೆ ಪ್ರಶ್ನೆ ಶುರುವಾಗುವುದೇ ಮನೆ ಬಾಗಿಲಿಂದ.

ಇದರಲ್ಲಿ ಒಂದು ತಮಾಷೆ ಇದೆ. ಅಗ್ಗದ ವಿಮಾನ ಅನ್ನುವ ಮಾತನ್ನು ಈ ದೇಶಕ್ಕೆ ರೂಢಿ ಮಾಡಿಸಿದವರು ನಮ್ಮ ಜಿಲ್ಲೆಯವರೇ, ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೇನೆ ಬಿಟ್ಟು ಬಂದವರು, ಹೇಮಾವತಿ ಅಣೆಕಟ್ಟೆಗೆ ಮುಳುಗಿದ ಜಮೀನಿನ ಬದಲಿಗೆ ಸಿಕ್ಕ ಜಾವಗಲ್ ಕಡೆಯ ನೆಲದಲ್ಲಿ ಬೇಸಾಯ ಮಾಡಿದರು. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಒಂದು ರೂಪಾಯಿಗೆ ಟಿಕೆಟ್ ಬಿಟ್ಟರು. ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಸಿಗುವ ಹಾಗೆ ಮಾಡಿದರು. ಊಟ ಇಲ್ಲ, ಮೆರೆಸುವುದು ಇಲ್ಲ, ಸೀಟು ಮತ್ತು ಹಾರಾಟ ಅಷ್ಟೇ. ದರ್ಶಿನಿ ಹೋಟೆಲ್ ಇದ್ದ ಹಾಗೆ: ಮೊದಲು ಟೋಕನ್, ನಿಂತು ತಿನ್ನಿ, ಎಕ್ಸ್‌ಟ್ರಾ ಬೇಕಿದ್ದರೆ ಎಕ್ಸ್‌ಟ್ರಾ ದುಡ್ಡು. 2007ರ ಹೊತ್ತಿಗೆ ಕಂಪನಿ ಕಿಂಗ್‌ಫಿಷರ್ ಕೈಗೆ ಹೋಯಿತು, 2012ರಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು. ಆದರೆ ಆ ದರ್ಶಿನಿ ಪದ್ಧತಿ ಉಳಿಯಿತು, ಇವತ್ತು ಹೆಚ್ಚಿನ ವಿಮಾನಗಳು ಹಾರುವುದೇ ಹಾಗೆ. ಇತ್ತ ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ನಮ್ಮಪ್ಪನ ಕಾಲದಿಂದ ಕೇಳುತ್ತಿದ್ದೇವೆ. ಟಿಕೆಟ್ ಮಾಡಿಸುವ ಮಟ್ಟಕ್ಕೆ ಬಂದಿಲ್ಲ.

ಹಾರುವ ಕಂಪನಿಗಳೇ ಕಮ್ಮಿ

ಟಿಕೆಟ್ ಯಾಕೆ ಮೊದಲಿನಷ್ಟು ಅಗ್ಗ ಸಿಗುತ್ತಿಲ್ಲ ಅನ್ನುವುದಕ್ಕೆ ದೊಡ್ಡ ಕಾರಣ ಸರಳವಾಗಿದೆ. ಅಂಗಡಿಗಳು ಕಮ್ಮಿಯಾಗಿವೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಗೋ ಫಸ್ಟ್ 2023ರ ಮೇನಲ್ಲಿ. ಏರ್ ಇಂಡಿಯಾ 2022ರಲ್ಲಿ ಟಾಟಾ ಕೈ ಸೇರಿದ ಮೇಲೆ, ಏರ್ ಏಷ್ಯಾ ಇಂಡಿಯಾ ಅಂತಿದ್ದದ್ದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿಹೋಯಿತು, ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಲೀನವಾಯಿತು. ಸ್ಪೈಸ್‌ಜೆಟ್ ಮೊದಲಿನ ಅರ್ಧವೂ ಇಲ್ಲ. 2022ರಲ್ಲಿ ಬಂದ ಆಕಾಶ ಏರ್ ಇನ್ನೂ ಚಿಕ್ಕದು. ಈಗ ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಜಾಸ್ತಿ ಜನ ಇಂಡಿಗೊದಲ್ಲೇ ಕೂತಿರುತ್ತಾರೆ. ಏರ್ ಇಂಡಿಯಾ ಬಳಗ ಸೇರಿಸಿದರೆ ಹೆಚ್ಚುಕಮ್ಮಿ ತೊಂಬತ್ತು.

ಎರಡೇ ಅಂಗಡಿ ಇರುವ ಊರಲ್ಲಿ ಒಂದಕ್ಕೆ ಬೀಗ ಬಿದ್ದರೆ ಏನಾಗುತ್ತದೆ ಅನ್ನುವುದನ್ನು 2025ರ ಡಿಸೆಂಬರ್‌ನಲ್ಲಿ ನೋಡಿದೆವು. ಪೈಲಟ್‌ಗಳ ವಿಶ್ರಾಂತಿ ಸಮಯ ಹೆಚ್ಚಿಸುವ ಹೊಸ ನಿಯಮಕ್ಕೆ ಇಂಡಿಗೊ ಸಜ್ಜಾಗಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಉಳಿದ ಕಂಪನಿಗಳ ಟಿಕೆಟ್ ಆಕಾಶಕ್ಕೇರಿತು. ಕೊನೆಗೆ ಕೇಂದ್ರ ಸರ್ಕಾರವೇ ನಡುವೆ ಬಂದು ಮಿತಿ ಹಾಕಿತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,000ದವರೆಗೆ 12,000, 1,500ರವರೆಗೆ 15,000, ಅದಕ್ಕಿಂತ ದೂರಕ್ಕೆ 18,000. ತೆರಿಗೆ, ನಿಲ್ದಾಣದ ಶುಲ್ಕ ಬೇರೆ. ಬೆಂಗಳೂರು–ದೆಹಲಿ ಬರುವುದು ಆ ಕೊನೇ ಸಾಲಿಗೆ. ಅಂದರೆ ಸರ್ಕಾರ ‘ಇದಕ್ಕಿಂತ ಜಾಸ್ತಿ ಬೇಡಪ್ಪ’ ಅಂದದ್ದು ಮೇಷ್ಟ್ರು ನೋಡಿದ ರೇಟಿನ ನಾಲ್ಕು ಪಟ್ಟು. ಮಾಮೂಲಿ ದಿನಗಳಲ್ಲಿ ಇಂಥ ಮಿತಿ ಇರುವುದಿಲ್ಲ. 1994ರಲ್ಲಿ ಹಳೇ ಕಾಯ್ದೆ ಹೋದ ಮೇಲೆ ಟಿಕೆಟ್ ದರ ಕಂಪನಿಗಳ ಇಷ್ಟ. ಕೋವಿಡ್ ಕಾಲದಲ್ಲೊಮ್ಮೆ, 2020ರ ಮೇಯಿಂದ 2022ರ ಆಗಸ್ಟ್‌ವರೆಗೆ, ಸರ್ಕಾರ ದರಕ್ಕೆ ಬೇಲಿ ಹಾಕಿತ್ತು.

ಇದರ ಜೊತೆಗೆ ಇಂಧನ. ವಿಮಾನ ಕಂಪನಿಯ ಖರ್ಚಿನಲ್ಲಿ ಅತಿ ದೊಡ್ಡ ಬಾಬ್ತು ಅದೇ. ಅದು ಜಿಎಸ್‌ಟಿಯೊಳಗೆ ಬಂದಿಲ್ಲ, ಒಂದೊಂದು ರಾಜ್ಯದಲ್ಲಿ ಒಂದೊಂದು ವ್ಯಾಟ್. ಇದಕ್ಕೆ ನಾವು ಮಾಡುವಂಥದ್ದೇನೂ ಇಲ್ಲ. ಮುಂದೆ ಹೋಗೋಣ.

ಸಂತೆಗೆ ಉಲ್ಟಾ ನಡೆಯುವ ವ್ಯಾಪಾರ

ಸಂತೆಯಲ್ಲಿ ಸಂಜೆಯಾದಂತೆ ಸೊಪ್ಪಿನ ರೇಟ್ ಇಳಿಯುತ್ತದೆ. ಉಳಿದರೆ ಬಾಡಿಹೋಗುತ್ತದೆ ಅಂತ ಮಾರುವವರಿಗೆ ಗೊತ್ತು. ವಿಮಾನದ ಸೀಟೂ ಹಾರಿದ ಮೇಲೆ ಬಾಡಿದ ಸೊಪ್ಪೇ. ಆದರೂ ಅಲ್ಲಿ ಕೊನೇ ಗಳಿಗೆಯಲ್ಲಿ ರೇಟ್ ಏರುತ್ತದೆ. ಯಾಕೆಂದರೆ ಕೊನೇ ಗಳಿಗೆಯಲ್ಲಿ ಬರುವವರು ಆಫೀಸ್ ಕೆಲಸದವರು, ಸಾವಿಗೆ ಹೊರಟವರು, ಆಸ್ಪತ್ರೆಗೆ ಹೊರಟವರು. ಅವರು ಚೌಕಾಸಿ ಮಾಡುವುದಿಲ್ಲ ಅಂತ ಕಂಪನಿಗೆ ಗೊತ್ತು.

180 ಸೀಟಿನ ವಿಮಾನ ಅಂದುಕೊಳ್ಳಿ. ಒಳಗಿನ ಸೀಟು ಎಲ್ಲ ಒಂದೇ ಥರ ಇದ್ದರೂ ಕಂಪ್ಯೂಟರ್‌ನಲ್ಲಿ ಅವನ್ನು ಹತ್ತಾರು ಪಾಲು ಮಾಡಿಟ್ಟಿರುತ್ತಾರೆ. ಮೊದಲ ಪಾಲು ಅಗ್ಗ. ಅದು ಮುಗಿದರೆ ಮುಂದಿನ ಪಾಲು ತೆರೆಯುತ್ತದೆ, ರೇಟ್ ಒಂದು ಮೆಟ್ಟಿಲು ಮೇಲೆ. ಬೇಡಿಕೆ ಕಮ್ಮಿ ಅನ್ನಿಸಿದರೆ ಅಗ್ಗದ ಪಾಲನ್ನು ಮತ್ತೆ ತೆರೆಯುವುದೂ ಉಂಟು. ನಿನ್ನೆ 5,100 ಇದ್ದದ್ದು ಇವತ್ತು 4,600 ಆಗುವುದು ಹೀಗೆ.

ಈ ಪಾಲಿನ ಲೆಕ್ಕದಲ್ಲಿ ಸಂಸಾರಸ್ಥರು ತಿಳಿದಿರಬೇಕಾದ ಒಂದು ಗುಟ್ಟು ಇದೆ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದರೆ, ನಾಲ್ಕೂ ಸೀಟು ಒಂದೇ ಪಾಲಿನಲ್ಲಿ ಸಿಗುವ ರೇಟನ್ನು ಸಾಮಾನ್ಯವಾಗಿ ತೋರಿಸುತ್ತದೆ. 4,200ರ ಪಾಲಿನಲ್ಲಿ ಎರಡೇ ಸೀಟು ಉಳಿದಿದ್ದರೆ, ಆ ಎರಡನ್ನೂ ಬಿಟ್ಟು ಮುಂದಿನ 5,100ರ ಪಾಲಿಗೆ ಹಾರಿ ನಾಲ್ವರಿಗೂ ಅದೇ ರೇಟ್ ಹಾಕುತ್ತದೆ, 20,400. ಅದೇ ನೀವು ಮೊದಲು ಇಬ್ಬರಿಗೆ, ಆಮೇಲೆ ಇಬ್ಬರಿಗೆ ಅಂತ ಮಾಡಿಸಿದರೆ 18,600. ಆದ್ದರಿಂದ ಹುಡುಕುವಾಗ ಮೊದಲು ಒಬ್ಬರಿಗೆ ನೋಡಿ, ಆಮೇಲೆ ಪೂರ್ತಿ ಸಂಖ್ಯೆ ಹಾಕಿ. ರೇಟ್ ಒಂದೇ ಇದ್ದರೆ ಸರಿ. ಬೇರೆ ಬಂದರೆ ಒಡೆದು ಮಾಡಿಸಿ. ಮಕ್ಕಳಿದ್ದರೆ ಅಪ್ಪ ಅಥವಾ ಅಮ್ಮನ ಪಿಎನ್‌ಆರ್‌ನಲ್ಲೇ, ಅಂದರೆ ಅದೇ ಬುಕಿಂಗ್ ನಂಬರಿನಲ್ಲೇ ಇರಲಿ.

ಬ್ರೌಸರಿನ ಇನ್‌ಕಾಗ್ನಿಟೊ, ಅಂದರೆ ಕದ್ದು ನೋಡುವ ವಿಂಡೋದಲ್ಲಿ ಹುಡುಕಿದರೆ ಅಗ್ಗ ಅನ್ನುವ ನಂಬಿಕೆ ಬಹಳ ಜನಕ್ಕಿದೆ. ನಾನೂ ಎರಡು ಮೊಬೈಲ್ ಪಕ್ಕ ಪಕ್ಕ ಇಟ್ಟುಕೊಂಡು ಎಷ್ಟೋ ಸಲ ನೋಡಿದ್ದೇನೆ, ವ್ಯತ್ಯಾಸ ಕಂಡಿಲ್ಲ. ನಾವು ಚಹಾ ಕುಡಿದು ಬರುವಷ್ಟರಲ್ಲಿ ರೇಟ್ ಏರಿತು ಅಂದರೆ ಯಾರೋ ಇಬ್ಬರು ಆ ಪಾಲು ಮುಗಿಸಿದರು ಅಂತ. ವಾರದಲ್ಲಿ ಇಂಥ ದಿನವೇ ಬುಕ್ ಮಾಡಬೇಕು ಅನ್ನುವುದೂ ಅಷ್ಟೇ. ಬುಕ್ ಮಾಡುವ ದಿನಕ್ಕಿಂತ ಹಾರುವ ದಿನ ಮುಖ್ಯ. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಸೋಮವಾರ ಬೆಳಿಗ್ಗೆ ಐಟಿಯವರ ಪಾಲು. ಮಂಗಳವಾರ, ಬುಧವಾರ ಮಧ್ಯಾಹ್ನದ ವಿಮಾನ ನಮ್ಮಂಥವರ ಪಾಲು. ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ಎರಡರಲ್ಲೂ ಇಡೀ ತಿಂಗಳ ರೇಟನ್ನು ಪಂಚಾಂಗದ ಹಾಗೆ ಒಂದೇ ಪುಟದಲ್ಲಿ ನೋಡಬಹುದು. ರೇಟ್ ಬದಲಾದರೆ ಮೇಲ್ ಕಳಿಸು ಅಂತ ಹೇಳಿಡಬಹುದು. ಅಲ್ಲಿ ನೋಡಿ, ಆಮೇಲೆ ಏರ್‌ಲೈನ್‌ನ ಸ್ವಂತ ವೆಬ್‌ಸೈಟಿನಲ್ಲಿ ಮಾಡಿಸುವುದು ನನ್ನ ರೂಢಿ. ಏನಾದರೂ ಎಡವಟ್ಟಾದಾಗ ನಡುವೆ ಇನ್ನೊಬ್ಬ ಇರುವುದಿಲ್ಲ.

ಎಷ್ಟು ಮುಂಚೆ? ದೇಶದೊಳಗೆ ಸಾಧಾರಣ ದಿನಗಳಿಗೆ ಒಂದೂವರೆ ಎರಡು ತಿಂಗಳು ಮುಂಚೆಯಿಂದ ಕಣ್ಣಿಟ್ಟು, ಮೂರು ವಾರ ಉಳಿದಿರುವಾಗಲಾದರೂ ಮುಗಿಸಿಬಿಡಿ. ದಸರಾ, ದೀಪಾವಳಿ, ಬೇಸಿಗೆ ರಜೆಗೆ ಈ ಲೆಕ್ಕ ನಡೆಯುವುದಿಲ್ಲ, ದಿನ ಗೊತ್ತಾದ ತಕ್ಷಣ ಮಾಡಿಸಬೇಕು. 2025ರ ಮಹಾಕುಂಭಕ್ಕೆ ಪ್ರಯಾಗರಾಜ್ ಟಿಕೆಟ್ ಎಷ್ಟಾಯಿತು ಅಂತ ನಮ್ಮ ಊರಿನ ಯಾತ್ರೆಯವರನ್ನು ಕೇಳಿ. ಹೆಚ್ಚು ಹಾರಾಟ ಸೇರಿಸಿ ಅಂತ ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕಂಪನಿಗಳಿಗೆ ಹೇಳಬೇಕಾಗಿ ಬಂತು.

ಯಾವ ನಿಲ್ದಾಣ?

ಇದು ಬೆಂಗಳೂರಿನವರಿಗೆ ಇಲ್ಲದ ತಲೆನೋವು, ನಮಗೆ ಮಾತ್ರ ಸಿಕ್ಕ ಅನುಕೂಲವೂ ಹೌದು.

ಚಿಕ್ಕಮಗಳೂರಿನಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣ ನೂರು ಕಿಲೋಮೀಟರ್ ಒಳಗೆ. ತರೀಕೆರೆ, ಭದ್ರಾವತಿ ದಾಟಿದರೆ ಬಂತು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಇಂಡಿಗೊ ವಿಮಾನ ಇಳಿಯಿತು. ಕುವೆಂಪು ಹೆಸರಿನ ನಿಲ್ದಾಣ. ಆಮೇಲೆ ಸ್ಟಾರ್ ಏರ್‌ನವರು ಹೈದರಾಬಾದ್, ಗೋವಾ, ತಿರುಪತಿ ಕಡೆ ಬಿಟ್ಟರು. ಹೈದರಾಬಾದ್‌ಗೋ ತಿರುಪತಿಗೋ ಹೋಗುವವರು ಮೊದಲು ಅಲ್ಲಿನ ರೇಟ್ ನೋಡಬೇಕು. ಟಿಕೆಟ್ ಸಾವಿರ ಜಾಸ್ತಿ ಇದ್ದರೂ ದೇವನಹಳ್ಳಿಯ ದಾರಿ ಖರ್ಚಿನಲ್ಲಿ ಅದು ಮುಚ್ಚಿಹೋಗುತ್ತದೆ. ಒಂದೇ ತೊಂದರೆ, ಹಾರಾಟ ಕಮ್ಮಿ. ಮಳೆಗಾಲದಲ್ಲಿ ಮೋಡ ಮುಚ್ಚಿ ರದ್ದಾದರೆ ಮುಂದಿನ ವಿಮಾನ ಅದೇ ದಿನ ಇರುವುದಿಲ್ಲ. ದೆಹಲಿಗೆ ಹೋಗುವವರು ಶಿವಮೊಗ್ಗದಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಬೇರೆ ಟಿಕೆಟ್ ಮಾಡಿಸಬೇಡಿ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ.

ಮಂಗಳೂರು ಇನ್ನೊಂದು. ಹಾಸನದಿಂದ ಸುಮಾರು 170 ಕಿಲೋಮೀಟರ್, ಚಿಕ್ಕಮಗಳೂರಿನಿಂದ 150ರ ಆಸುಪಾಸು. ಗಲ್ಫಿಗೆ ಹೋಗುವವರಿಗೆ ಇದು ಚೆನ್ನ. ದುಬೈ, ಅಬುಧಾಬಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ನೇರ ಹಾರುತ್ತದೆ. ಆದರೆ ಘಾಟಿ. ಡಿಸೆಂಬರ್‌ನಿಂದ ಮೇವರೆಗೆ ಕಣ್ಣು ಮುಚ್ಚಿ ಮಂಗಳೂರು ನೋಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ, ಚಾರ್ಮಾಡಿ ಎರಡರ ಮೇಲೂ ಭರವಸೆ ಇಡಬೇಡಿ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ತಿರ ಮಣ್ಣು ಜಾರಿ ರಸ್ತೆ ಬಂದ್ ಆದದ್ದು ಯಾರೂ ಮರೆತಿಲ್ಲ. ಗುಡ್ಡ ಕುಸಿದು ವಿಮಾನ ತಪ್ಪಿತು ಅಂದರೆ ಏರ್‌ಲೈನ್ ದುಡ್ಡು ಕೊಡುವುದಿಲ್ಲ.

ಮೈಸೂರಿನ ಮಂಡಕಳ್ಳಿಯಲ್ಲಿ ರನ್‌ವೇ ಚಿಕ್ಕದು, ಎಟಿಆರ್ ಥರದ ಸಣ್ಣ ವಿಮಾನಕ್ಕೆ ಸರಿ. ಹೊಳೆನರಸೀಪುರ, ಅರಕಲಗೂಡು ಕಡೆಯವರು ಚೆನ್ನೈ, ಹೈದರಾಬಾದ್‌ಗೆ ಹೊರಟರೆ ಒಮ್ಮೆ ನೋಡಲಿ.

ದೇವನಹಳ್ಳಿಗೇ ಹೋಗುವುದಾದರೆ, ಸ್ವಂತ ಕಾರಿದ್ದವರು ಬೆಂಗಳೂರು ನಗರದೊಳಗೆ ಹೋಗಬೇಕಾಗಿಲ್ಲ. ಹಾಸನ ಕಡೆಯವರು ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ತಿರುಗಿ ದೇವನಹಳ್ಳಿ ಸೇರಬಹುದು. ಕಡೂರು, ಅರಸೀಕೆರೆ, ತಿಪಟೂರು ಮೇಲೆ ತುಮಕೂರಿಗೆ ಬರುವವರಿಗೆ ಇನ್ನೂ ಸಲೀಸು: ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗೆ ಹೊಸ ವರ್ತುಲ ರಸ್ತೆ 2024ರಲ್ಲಿ ತೆರೆದಿದೆ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ವಾಚ್ ನೋಡುತ್ತಾ ಕೂರುವ ಶಿಕ್ಷೆ ತಪ್ಪುತ್ತದೆ.

ಆ ಶಿಕ್ಷೆ ನಾನು ಅನುಭವಿಸಿದ್ದೇನೆ. ಎರಡು ವರ್ಷದ ಹಿಂದೆ ಕುಣಿಗಲ್ ದಾಟಿದ ಮೇಲೆ ಲಾರಿ ಮಗುಚಿ ಒಂದು ಗಂಟೆ ಹೋಯಿತು, ಗೊರಗುಂಟೆಪಾಳ್ಯದಲ್ಲಿ ಇನ್ನೊಂದು ಮುಕ್ಕಾಲು ಗಂಟೆ. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ನಾನು ಮುಟ್ಟಿದಾಗ ಐವತ್ತೆರಡು ನಿಮಿಷ ಉಳಿದಿತ್ತು. ಕೈಯಲ್ಲಿ ದೊಡ್ಡ ಬ್ಯಾಗು. ಎಷ್ಟು ಕೇಳಿಕೊಂಡರೂ ಆಗಲಿಲ್ಲ. ಟಿಕೆಟ್ ಮಾಡಿಸಿದ್ದ ಆ್ಯಪ್‌ನವರು ‘ನಾನ್ ರಿಫಂಡಬಲ್ ಸಾರ್, ಏನೂ ಬರಲ್ಲ’ ಅಂತ ಫೋನ್ ಇಟ್ಟರು.

ಅದು ಸುಳ್ಳು. ಟಿಕೆಟ್ ಎಂಥದ್ದೇ ಇರಲಿ, ನೀವು ಹಾರದಿದ್ದರೆ ನಿಲ್ದಾಣದ ಬಳಕೆ ಶುಲ್ಕ, ಭದ್ರತಾ ಶುಲ್ಕ ಮತ್ತು ಸರ್ಕಾರದ ತೆರಿಗೆ ವಾಪಸ್ ಕೊಡಲೇಬೇಕು ಅಂತ ಡಿಜಿಸಿಎ ನಿಯಮ ಇದೆ. ರದ್ದತಿ ಶುಲ್ಕವೂ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ ಮೀರುವಂತಿಲ್ಲ. ಎರಡು ಮೇಲ್ ಬರೆದು, ನಿಯಮದ ಮಾತು ಎತ್ತಿದ ಮೇಲೆ ಮೂರು ವಾರಕ್ಕೆ ಏಳುನೂರು ಚಿಲ್ಲರೆ ಬಂತು. ದೊಡ್ಡ ದುಡ್ಡಲ್ಲ. ಆದರೆ ನಾಲ್ಕು ಜನರ ಸಂಸಾರ ಪ್ರಯಾಣ ರದ್ದು ಮಾಡಿದರೆ ಅದು ಸುಮಾರು ಮೂರು ಸಾವಿರ. ಹೆಚ್ಚಿನವರು ಕೇಳುವುದೇ ಇಲ್ಲ.

ಇನ್ನೂ ಒಂದೆರಡು ನಿಯಮ ಹೀಗೆಯೇ ಮೂಲೆಯಲ್ಲಿ ಬಿದ್ದಿವೆ. ಪ್ರಯಾಣ ವಾರಕ್ಕಿಂತ ದೂರ ಇದ್ದರೆ, ಏರ್‌ಲೈನ್‌ನಲ್ಲೇ ನೇರ ಮಾಡಿಸಿದ ಟಿಕೆಟನ್ನು 48 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು. ಆದ್ದರಿಂದ ಟಿಕೆಟ್ ಬಂದ ಕೂಡಲೇ ಹೆಸರು, ದಿನ ಇನ್ನೊಮ್ಮೆ ಓದಿ. ನಮ್ಮವರ ಆಧಾರ್‌ನಲ್ಲಿ ಅಪ್ಪನ ಹೆಸರು, ಊರ ಹೆಸರು ಎಲ್ಲ ಇರುತ್ತದೆ, ಟಿಕೆಟ್‌ನಲ್ಲಿ ಬರೀ ‘ಮಂಜ’ ಅಂತ ಹಾಕಿದರೆ ನಿಲ್ದಾಣದ ಬಾಗಿಲಲ್ಲೇ ತಕರಾರು. ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿ ನಿಮ್ಮನ್ನು ಹತ್ತಿಸದೆ ಬಿಟ್ಟರೆ, ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದ ಪಕ್ಷದಲ್ಲಿ 10,000 ರೂಪಾಯಿವರೆಗೆ, 24 ಗಂಟೆ ದಾಟಿದರೆ 20,000ದವರೆಗೆ ಪರಿಹಾರ ಇದೆ. ಆರು ಗಂಟೆಗಿಂತ ಜಾಸ್ತಿ ತಡವಾಗುವುದಾದರೆ ಬೇರೆ ವಿಮಾನವನ್ನೋ ಪೂರ್ತಿ ದುಡ್ಡನ್ನೋ ಕೇಳಬಹುದು.

ಕೊನೇ ಪುಟದ ಕೈಚಳಕ, ಬ್ಯಾಗಿನೊಳಗಿನ ಕೊಬ್ಬರಿ

4,300 ಅಂತ ನೋಡಿ ಒಳಗೆ ಹೋದರೆ ಕೊನೇ ಪುಟದಲ್ಲಿ 5,200 ಆಗಿರುತ್ತದೆ. ನಡುವೆ ಏನೇನು ಸೇರಿತು? ಕನ್ವೀನಿಯನ್ಸ್ ಫೀ ಅಂತ ತಲೆಗೆ ಕೆಲವು ನೂರು, ಅದು ಏರ್‌ಲೈನ್ ಸೈಟಿನಲ್ಲೂ ಇದೆ. ಇನ್ಶೂರೆನ್ಸ್‌ಗೆ ಒಂದು ಟಿಕ್, ಎಷ್ಟೋ ಕಡೆ ಅವರೇ ಹಾಕಿಟ್ಟಿರುತ್ತಾರೆ. ಆಮೇಲೆ ಸೀಟು. ಕಿಟಕಿಗೆ ಇಷ್ಟು, ಮುಂದಿನ ಸಾಲಿಗೆ ಇಷ್ಟು ಅಂತ ಬಣ್ಣ ಬಣ್ಣದ ನಕ್ಷೆ ತೆರೆಯುತ್ತದೆ. ಸೀಟು ಆರಿಸದಿದ್ದರೆ ನಿಂತು ಹೋಗಬೇಕೇನೋ ಅನ್ನುವ ಹಾಗೆ! ಕೆಳಗೆ ಚಿಕ್ಕ ಅಕ್ಷರದಲ್ಲಿ ಬಿಟ್ಟು ಮುಂದೆ ಹೋಗುವ ದಾರಿ ಇರುತ್ತದೆ. ಅದನ್ನು ಒತ್ತಿ. ಚೆಕ್-ಇನ್ ಆಗುವಾಗ ಯಾವುದೋ ಒಂದು ಸೀಟು ಬಿಟ್ಟಿಯಾಗಿ ಬರುತ್ತದೆ. ಮಕ್ಕಳು ಬೇರೆ ಕೂರಬೇಕಾಗುತ್ತದೆ ಅಂತ ಹೆದರಿ ಅಪ್ಪ ಅಮ್ಮಂದಿರು ಇಲ್ಲಿ ದುಡ್ಡು ಕೊಡುತ್ತಾರೆ. 12 ವರ್ಷದೊಳಗಿನ ಮಗುವನ್ನು ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಕೂರಿಸಬೇಕು ಅಂತ ಡಿಜಿಸಿಎ 2024ರಲ್ಲೇ ಹೇಳಿದೆ.

ಬ್ಯಾಗಿನ ವಿಷಯ ನಮ್ಮ ಕಡೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೈಬ್ಯಾಗ್ 7 ಕಿಲೋ, ಕೌಂಟರ್‌ನಲ್ಲಿ ಕೊಟ್ಟು ಒಳಗೆ ಹಾಕಿಸುವ ಬ್ಯಾಗ್ 15 ಕಿಲೋ, ಇದು ಮಾಮೂಲಿ. ದೆಹಲಿಯ ಮಗಳ ಮನೆಗೆ ಹೊರಟ ತಾಯಿಯ ಬ್ಯಾಗ್ 15ಕ್ಕೆ ನಿಲ್ಲುತ್ತದೆಯೇ? ಕಾಫಿಪುಡಿ ಎರಡು ಕಿಲೋ, ಬಾಣಂತಿ ಲೇಹ್ಯ, ಹಪ್ಪಳ, ಕೋಡುಬಳೆ, ರಾಗಿಹಿಟ್ಟು, ಕೊನೆಗೆ ಒಂದು ಡಬ್ಬ ಉಪ್ಪಿನಕಾಯಿ. ಕೌಂಟರ್‌ನಲ್ಲಿ ಜಾಸ್ತಿ ತೂಕಕ್ಕೆ ಕಿಲೋಗೆ ಕೆಲವು ನೂರು ರೂಪಾಯಿ ಹಾಕುತ್ತಾರೆ. ರಾಗಿಹಿಟ್ಟಿಗೆ ಅಷ್ಟು ಕೊಟ್ಟ ಮೇಲೆ ಆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯಲ್ಲೇ ತೂಗಿ, ಜಾಸ್ತಿ ಇದ್ದರೆ ಆನ್‌ಲೈನ್‌ನಲ್ಲಿ ಮುಂಚೆಯೇ ಕೊಂಡರೆ ಕಮ್ಮಿ ಬೀಳುತ್ತದೆ. ಇಲ್ಲವೇ ಪೋಸ್ಟ್‌ನಲ್ಲಿ ಪಾರ್ಸಲ್ ಕಳಿಸಿ.

ಮತ್ತೆ ಕೊಬ್ಬರಿ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯವರು ಯಾರ ಮನೆಗೆ ಹೋದರೂ ನಾಲ್ಕು ಗಿಟುಕು ಕೊಬ್ಬರಿ ಒಯ್ಯುತ್ತಾರೆ. ವಿಮಾನದಲ್ಲಿ ಅದಕ್ಕೆ ಜಾಗ ಇಲ್ಲ. ಎಣ್ಣೆ ಅಂಶ ಜಾಸ್ತಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯದ ಸರಕಿನ ಪಟ್ಟಿಯಲ್ಲಿ ಇಟ್ಟಿದ್ದಾರೆ. ಇಡೀ ತೆಂಗಿನಕಾಯಿಯನ್ನೂ ಕೈಬ್ಯಾಗಿನಲ್ಲಿ ಬಿಡುವುದಿಲ್ಲ. 2024ರಲ್ಲಿ ಶಬರಿಮಲೆಗೆ ಹೋಗುವವರ ಇರುಮುಡಿಗೆ ಮಾತ್ರ ಕೆಲವು ತಿಂಗಳು ವಿನಾಯಿತಿ ಕೊಟ್ಟಿದ್ದರು.

ಹಾಗಾದರೆ ಯಾವ ಏರ್‌ಲೈನ್?

ನನ್ನನ್ನು ಕೇಳಿದರೆ, ರೇಟಿನ ವ್ಯತ್ಯಾಸ ಐನೂರು ರೂಪಾಯಿ ಒಳಗಿದ್ದರೆ ಹೆಸರು ನೋಡಬೇಡಿ, ಸಮಯ ನೋಡಿ. ಅದೇ ದಿನ ಅದೇ ಊರಿಗೆ ಆ ಕಂಪನಿಯ ಇನ್ನೂ ಎಷ್ಟು ವಿಮಾನ ಇದೆ ಅಂತ ನೋಡಿ. ಇಂಡಿಗೊದ ಬಲ ಅದು. ಒಂದು ರದ್ದಾದರೆ ಇನ್ನೊಂದರಲ್ಲಿ ಹತ್ತಿಸಬಹುದು. ಇಡೀ ಕಂಪನಿಯೇ ಮಲಗಿದಾಗ ಏನಾಗುತ್ತದೆ ಅನ್ನುವುದೂ ಗೊತ್ತಾಗಿದೆ, ಆ ಮಾತು ಬೇರೆ. ಬ್ಯಾಗೇ ಇಲ್ಲದೆ ಇಂಟರ್‌ವ್ಯೂಗೋ ಪರೀಕ್ಷೆಗೋ ಹೋಗುವ ಹುಡುಗ ಹುಡುಗಿಯರಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಲೈಟ್ ಅನ್ನುವ ದರ ಚೆನ್ನ, ಬರೀ ಕೈಬ್ಯಾಗ್ ಲೆಕ್ಕ. ಏರ್ ಇಂಡಿಯಾದಲ್ಲಿ ಊಟ ಸೇರಿರುತ್ತದೆ. ಮೂರು ಗಂಟೆ ಹಾರಾಟಕ್ಕೆ ಇಬ್ಬರ ಊಟ ಬಿಡಿಯಾಗಿ ಕೊಂಡರೆ ಏಳೆಂಟುನೂರು ಆಗುವಾಗ ಅದನ್ನೂ ಕೂಡಿಸಿ ನೋಡಬೇಕು. ಬುತ್ತಿ ಕಟ್ಟಿಕೊಂಡು ಹೋಗುವವರಿಗೆ ಆ ಲೆಕ್ಕ ಬೇಡ. ಚಿತ್ರಾನ್ನಕ್ಕೆ ಯಾರೂ ತಡೆ ಹಾಕುವುದಿಲ್ಲ. ಆಕಾಶ ಏರ್‌ನಲ್ಲಿ ನಾಲ್ಕು ಸಲ ಹೋಗಿದ್ದೇನೆ, ದೂರು ಇಲ್ಲ.

ಹಿರಿಯ ನಾಗರಿಕರ ರಿಯಾಯಿತಿ, ವಿದ್ಯಾರ್ಥಿ ರಿಯಾಯಿತಿ ಅಂತ ಇವೆ. ವಿದ್ಯಾರ್ಥಿ ದರದಲ್ಲಿ ಸಿಗುವ ಹೆಚ್ಚುವರಿ ಬ್ಯಾಗಿನ ತೂಕ ಹಾಸ್ಟೆಲ್ ಸೇರುವ ಮಕ್ಕಳಿಗೆ ನಿಜವಾಗಿಯೂ ಉಪಯೋಗ. ಹಿರಿಯರದ್ದು ನನಗೆ ಅಷ್ಟಕ್ಕಷ್ಟೆ. ಎಷ್ಟೋ ಸಲ ಮಾಮೂಲಿ ಆಫರ್ ದರವೇ ಅದಕ್ಕಿಂತ ಕಮ್ಮಿ ಇರುತ್ತದೆ. ಎರಡನ್ನೂ ತೆರೆದು ನೋಡಿ.

ವಾಪಸ್ ಬರುವುದನ್ನು ಮರೆಯಬೇಡಿ. ದೆಹಲಿಯಿಂದ ರಾತ್ರಿ ಹನ್ನೊಂದೂವರೆಗೆ ಇಳಿಯುವ ವಿಮಾನ ಯಾವಾಗಲೂ ಅಗ್ಗ ಕಾಣುತ್ತದೆ. ಬ್ಯಾಗ್ ಸಿಕ್ಕಿ ಹೊರಗೆ ಬರುವಾಗ ಹನ್ನೆರಡು, ಮೆಜೆಸ್ಟಿಕ್ ಮುಟ್ಟುವಾಗ ಒಂದೂಕಾಲು. ಧರ್ಮಸ್ಥಳ, ಮಂಗಳೂರು ಕಡೆಯ ರಾತ್ರಿ ಬಸ್ಸುಗಳಲ್ಲಿ ಹೆಚ್ಚಿನವು ಅಷ್ಟೊತ್ತಿಗೆ ಹೊರಟಾಗಿರುತ್ತವೆ. ಸಂಜೆ ಏಳು ಎಂಟಕ್ಕೆ ಇಳಿಯುವ ವಿಮಾನವಾದರೆ ಅವುಗಳಲ್ಲಿ ಒಂದರಲ್ಲಿ ಮಲಗಿ, ಹಾಸನ ಬಂತು ಅಂತ ಕಂಡಕ್ಟರ್ ಎಬ್ಬಿಸುವಾಗ ಇಳಿಯಬಹುದು.

ಮೇಷ್ಟ್ರು ಕೊನೆಗೆ 2:40ರದ್ದನ್ನೇ ಮಾಡಿಸಿದರು. ನಾಲ್ಕು ದಿನ ಕಾದು ನೋಡಿದ್ದಕ್ಕೆ 5,600 ಇದ್ದದ್ದು 5,250ಕ್ಕೆ ಸಿಕ್ಕಿತು. ಬುಧವಾರದ ವಿಮಾನ, ಸೀಟು ಆರಿಸಲಿಲ್ಲ, ಇನ್ಶೂರೆನ್ಸ್ ಟಿಕ್ ತೆಗೆಸಿದೆ. ನಿನ್ನೆ ಸಂಜೆ ಅವರ ಮನೆಗೆ ಹೋದರೆ ಬಚ್ಚಲ ಮನೆ ಪಕ್ಕ ಅಕ್ಕಿ ತೂಗುವ ತಕ್ಕಡಿ, ಅದಕ್ಕೆ ನೇತುಹಾಕಿದ ಸೂಟ್‌ಕೇಸ್. ಮುಳ್ಳು ಹದಿನೇಳರ ಮೇಲೆ ನಿಂತಿತ್ತು. ಟೀಚರಮ್ಮ ಲೇಹ್ಯದ ಡಬ್ಬ ಕೈಯಲ್ಲಿ ಹಿಡಿದುಕೊಂಡು, “ಕಾಫಿಪುಡಿ ಬೇಕಾದ್ರೆ ತೆಗೀರಿ, ಇದನ್ನ ಮಾತ್ರ ನಾನು ಬಿಡಲ್ಲ” ಅನ್ನುತ್ತಿದ್ದರು.